ಪೆಟ್ಟಿಗೆಯೊಳಗಿದ್ದ ಮೂರು ಡಿಗ್ರಿ

ಬಸವೇಶ್ವರನಗರ,
ಬುಧವಾರ, 19 ನವೆಂಬರ್ 2025

ಪ್ರೀತಿಯ ಸೀನ,

ಇಪ್ಪತ್ತೊಂದು ವರ್ಷಗಳ ಸ್ನೇಹದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನನ್ನ ಮನೆಯಿಂದ ಬ್ಯಾಡರಹಳ್ಳಿಗೆ ಸ್ಕೂಟರಿನಲ್ಲಿ ಅರ್ಧ ಗಂಟೆಯೂ ಬೇಡ. ಕಾಗದ ಬರೆಯುವಷ್ಟು ದೂರವೇನಲ್ಲ. ಲಕೋಟೆ ಕಂಡು ನೀನು ಗಾಬರಿಯಾಗಬೇಡ, ಮುನಿತಾಯಮ್ಮ ಅತ್ತಿಗೆಯನ್ನೂ ಗಾಬರಿಪಡಿಸಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಕಾರೂ ಚೆನ್ನಾಗಿದೆ. ಬರೆಯಲು ಕೂತರೆ ನನ್ನ ಭಾಷೆ ಗೇಜುಗಳ ಅಳತೆ ಪರೀಕ್ಷಿಸುವ ನಮ್ಮ ಲ್ಯಾಬಿನ ಸರ್ಟಿಫಿಕೇಟಿನ ಹಾಗೆ ಬಿಗಿದುಕೊಳ್ಳುತ್ತದೆ ಎಂದು ನನ್ನ ಹೆಂಡತಿ ನಗುತ್ತಾಳೆ. ನೀನು ದಿನಪತ್ರಿಕೆಯನ್ನು ಟೆಂಡರ್ ಜಾಹೀರಾತಿನವರೆಗೂ ಬಿಡದೆ ಓದುವವನು. ಇದನ್ನೂ ಕೊನೆಯವರೆಗೆ ಓದು ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಕಾರಿನ ಸುದ್ದಿ. ಆಗಸ್ಟಿನಲ್ಲಿ ನೀನು ಎರಡನೆಯ ಸಲ ಕಟ್ಟಿಕೊಟ್ಟ ಇಂಜಿನ್ ಈಗ ಸಾವಿರದ ಇನ್ನೂರು ಕಿಲೋಮೀಟರ್ ಓಡಿದೆ. ನೀನು ಹೇಳಿದಂತೆ ಎರಡೂವರೆ ಸಾವಿರ ಆರ್‌ಪಿಎಂ ದಾಟಿಸಿಲ್ಲ, ಏರಿನಲ್ಲಿ ಕಾಲು ಒತ್ತಿಲ್ಲ. ಆಯುಧಪೂಜೆಗೆ ಎರಡು ದಿನ ಮುಂಚೆ ಆಯಿಲ್ ಬದಲಿಸಿದೆ. ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಅದರ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಭೂತಗನ್ನಡಿಯಲ್ಲಿ ನೋಡಿದೆ. ಒಂದು ಕಣ ಲೋಹವಿರಲಿಲ್ಲ. ನನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ಇಷ್ಟು ಶುಭ್ರವಾದ ಕೆಲಸವನ್ನು ಹೆಚ್ಚು ಸಲ ನೋಡಿಲ್ಲ. ಆಗ ನೀನು ಎದುರಿಗಿರಲಿಲ್ಲ. ಆದ್ದರಿಂದ ಈಗ ಹೇಳುತ್ತಿದ್ದೇನೆ.

ಅದೇ ದಿನ ಇನ್ನೊಂದು ಕಂಡೆ. ಪ್ರತಿಯೊಂದು ಬೋಲ್ಟಿನ ತಲೆಯ ಮೇಲೂ ಹಳದಿ ಬಣ್ಣದ ಸಣ್ಣ ಗೆರೆ ಇತ್ತು. ಆ ಗೆರೆ ಎಳೆಯುತ್ತಿದ್ದವನು ನಾನು. 2013ರಲ್ಲಿ ಪೀಣ್ಯದ ನನ್ನ ಹಳೆಯ ಕಾರ್ಖಾನೆ ಬಾಗಿಲು ಹಾಕಿದಾಗ, ಎಂಟು ತಿಂಗಳು ನನಗೆ ಕೆಲಸವಿರಲಿಲ್ಲ. ಕೆಳಗಿನ ಬಾಡಿಗೆಯವರಿಗೆ ತಿಳಿಯಬಾರದೆಂದು ದಿನವೂ ಎಂಟೂವರೆಗೆ ಡಬ್ಬಿ ಹಿಡಿದು ಹೊರಟು, ಪೈಪ್‌ಲೈನ್ ರಸ್ತೆಯ ನಿನ್ನ ಗ್ಯಾರೇಜಿಗೆ ಬಂದು ಕೂರುತ್ತಿದ್ದೆ. ನೀನು ಒಂದು ಮಾತೂ ಕೇಳಲಿಲ್ಲ. ಮೂರನೆಯ ದಿನ ಒಂದು ಸ್ಟೂಲು, ಬೋಲ್ಟಿನ ಬಿಗಿ ಅಳೆಯುವ ಒಂದು ಟಾರ್ಕ್ ರೆಂಚು, ಒಂದು ಹಳದಿ ಬಣ್ಣದ ಡಬ್ಬಿ ತಂದು ಮುಂದಿಟ್ಟೆ. ಗಿರಾಕಿಗಳಿಗೆ, ನಮ್ಮ ಇಂಜಿನಿಯರ್ ಒಂದೊಂದು ಬೋಲ್ಟನ್ನೂ ನೋಡಿ ಗೆರೆ ಹಾಕುವ ತನಕ ಗಾಡಿ ಹೊರಗೆ ಹೋಗುವುದಿಲ್ಲ ಎಂದು ಹೇಳತೊಡಗಿದೆ. ಎಂಟು ತಿಂಗಳಲ್ಲಿ ನನಗೆ ಒಂದು ಬೋಲ್ಟೂ ಸಡಿಲವಾಗಿ ಸಿಗಲಿಲ್ಲ. ನಿನಗೆ ಆ ಕೆಲಸದ ಅಗತ್ಯವಿರಲಿಲ್ಲ ಎಂಬುದು ಎರಡನೆಯ ವಾರದಲ್ಲೇ ನನಗೆ ಗೊತ್ತಾಗಿತ್ತು. ನನಗೆ ಗೊತ್ತಾಗಿದೆ ಎಂದು ನಿನಗೂ ಗೊತ್ತಿತ್ತು. ಇಬ್ಬರೂ ಆ ಬಗ್ಗೆ ಬಾಯಿ ಬಿಡಲಿಲ್ಲ. ಈಗ ಹನ್ನೆರಡು ವರ್ಷದ ಮೇಲೆ, ನಾನಿಲ್ಲದ ಕಡೆ, ನೀನೇ ಕೂತು ಆ ಗೆರೆಗಳನ್ನು ಎಳೆದಿದ್ದೀಯ.

ಆಗಸ್ಟಿನಲ್ಲಿ ಕೀ ಕೈಗಿಡುವಾಗ ನೀನು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ. “ಟ್ಯೂನಿಂಗ್‌ಗೆ ಬೇರೆ ಯಾರನ್ನಾದ್ರೂ ನೋಡ್ಕೊ ಕಾಂತ. ನನ್ ಕಿವಿ ನಂಬ್ಕೊಂಡು ಇನ್ನೊಂದು ಪಿಸ್ಟನ್ ಹಾಳ್ ಮಾಡ್ಕೋಬೇಡ.” ಆ ವಾರವೇ ಗ್ಯಾರೇಜಿನ ಬೀಗದ ಕೈ ನಿನ್ನ ತಮ್ಮನಿಗೆ ಕೊಟ್ಟೆಯಂತೆ. ಕಳೆದ ತಿಂಗಳು ಫೋನ್ ಮಾಡಿದಾಗ ಅತ್ತಿಗೆ ಎತ್ತಿಕೊಂಡರು. “ಸ್ಪ್ಯಾನರ್ ಡಬ್ಬಾನ ಅಟ್ಟದ ಮ್ಯಾಕೆ ಹಾಕವ್ರೆ ಕಾಂತಣ್ಣ. ಟೀವಿ ಮುಂದೆ ಕೂತ್ಕಂಡು ಕೈ ನೋಡ್ಕೋತಾ ಇರ್ತಾರೆ,” ಎಂದರು. ಆ ದಿನದಿಂದ ನನಗೆ ಊಟ ರುಚಿಸಿಲ್ಲ. ಐವತ್ತಾರನೆಯ ವಯಸ್ಸಿಗೆ ನೀನು ಕೈ ಕಟ್ಟಿ ಕೂರುವುದಕ್ಕೆ ಕಾರಣ ಒಡೆದ ಆ ಒಂದು ಪಿಸ್ಟನ್. ಅದರ ಬಗ್ಗೆ ನಾನು ನಿನಗೆ ಸುಳ್ಳು ಹೇಳಿದ್ದೆ.

ಕೆಟ್ಟ ಪೆಟ್ರೋಲು ಎಂದಿದ್ದೆ. ತಾವರೆಕೆರೆಯ ಕಡೆ ಎಲ್ಲೋ ಹಾಕಿಸಿದ ಪೆಟ್ರೋಲಿನಲ್ಲಿ ಕಲಬೆರಕೆ ಇತ್ತು ಎಂದು, ಲ್ಯಾಬಿನ ಸ್ನೇಹಿತರೊಬ್ಬರು ಪರೀಕ್ಷಿಸಿ ಹೇಳಿದರು ಎಂದು. ಅಂಥ ಪರೀಕ್ಷೆ ನಡೆದೇ ಇಲ್ಲ. ಅಂಥ ಸ್ನೇಹಿತರೂ ಇಲ್ಲ. ನೀನು ಒಡೆದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಬಟ್ಟೆಯಲ್ಲಿ ಸುತ್ತಿಟ್ಟೆ. ಇದು ಪೆಟ್ರೋಲಿನ ಪೆಟ್ಟಲ್ಲ, ಕಿಡಿ ಬೇಗ ಹೊತ್ತಿದ ಪೆಟ್ಟು ಎಂದು ಆ ಅಂಚನ್ನು ನೋಡಿದ ಕೂಡಲೇ ನಿನಗೆ ತಿಳಿದಿರಬೇಕು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದೂ, ಯಾಕೆ ಹೇಳುತ್ತಿದ್ದೇನೆ ಎಂದೂ ತಿಳಿದಿರಬೇಕು. ನಿನ್ನನ್ನು ಉಳಿಸಲು ಹೇಳಿದ ಸುಳ್ಳೇ ನಿನ್ನ ಮೇಲೆ ತೀರ್ಪು ಕೊಟ್ಟ ಹಾಗಾಯಿತು.

ಕಾರಣ ಇದು. ಏಪ್ರಿಲ್ ಇಪ್ಪತ್ತರ ಭಾನುವಾರ, ತಾವರೆಕೆರೆ ದಾಟಿದ ಏರಿನಲ್ಲಿ ನಾನು ಕಾಲು ಒತ್ತಿದಾಗ, ಬಾನೆಟ್ಟಿನೊಳಗೆ ತಗಡಿನ ಮೇಲೆ ರಾಗಿ ಸುರಿದಂಥ ಸದ್ದು ನನಗೆ ಕೇಳಿಸಿತು. ಪಕ್ಕದಲ್ಲಿ ನೀನಿದ್ದೆ. ನಿನ್ನ ಮುಖ ನೋಡಿದೆ. ಅದು ನಿರಾಳವಾಗಿತ್ತು, ನೀನು ಆಲದ ಮರದ ಕೆಳಗೆ ಸೀಬೆಹಣ್ಣು ಮಾರುವವರನ್ನು ನೋಡುತ್ತಿದ್ದೆ. ನಿನಗೆ ಕೇಳಿಸದ ಸದ್ದು ಸದ್ದೇ ಅಲ್ಲ ಎಂದು ಇಪ್ಪತ್ತು ವರ್ಷ ನಂಬಿ ಬದುಕಿದವನು ನಾನು. ಕಾಲು ತೆಗೆಯಲಿಲ್ಲ. ಮುಂದಿನ ಅರ್ಧ ನಿಮಿಷದಲ್ಲಿ ಏನಾಯಿತೋ ಇಬ್ಬರಿಗೂ ಗೊತ್ತು. ಟೋ ಗಾಡಿಯ ಹಿಂದೆ ಆಟೋದಲ್ಲಿ ಬರುವಾಗ ನಿನ್ನ ಎಡಗಡೆ ಕೂತು ಎರಡು ಸಲ ಮಾತಾಡಿಸಿದೆ, ನೀನು ತಿರುಗಲಿಲ್ಲ. ಸೀನನ ಕಿವಿ ಹೋಗಿದೆ, ಒಂದು ವಾರದ ಹಿಂದೆ ಟ್ಯೂನ್ ಮಾಡುವಾಗಲೂ ಹೋಗಿತ್ತು ಎಂದು ಅಲ್ಲೇ ಲೆಕ್ಕ ಕಟ್ಟಿಬಿಟ್ಟೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ನೀನು ಹೇಳಿ ನಾನು ಬರೆದುಕೊಂಡ ಅಂಕಿಗಳೇ ಅದರಲ್ಲಿದ್ದವು. ಲೆಕ್ಕ ತಾಳೆಯಾಯಿತು ಎಂದುಕೊಂಡೆ.

ಆ ಲೆಕ್ಕ ತಪ್ಪು ಸೀನ. ಎಲ್ಲಿ ತಪ್ಪು, ಅದು ನನಗೆ ಹೇಗೆ ಗೊತ್ತಾಯಿತು ಎಂಬುದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನೀನು ಹೇಳಿದಂತೆ ಬೇರೆ ಟ್ಯೂನರ್ ಹುಡುಕಲು ಹೊರಟೆ. ಮೊದಲು ಹೋದದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿರುವ ಜೀವನ್ ಎಂಬ ಯುವಕನ ಬಳಿಗೆ. ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಡೈನೋ ಯಂತ್ರ ಅವನಲ್ಲಿದೆ. ಗೋಡೆಯ ತುಂಬ ಕಾರುಗಳ ಫೋಟೊ, ಪ್ರತಿ ಫೋಟೊದ ಕೆಳಗೆ ಇಷ್ಟು ಕುದುರೆ ಎಂಬ ಅಂಕಿ. ಬಾನೆಟ್ ಎತ್ತಿದವನೇ, ಬ್ಲಾಕಿಗೆ ನೀನು ಬಿಗಿದಿರುವ ತಾಮ್ರದ ಕೊಳವೆಯ ತುಂಡನ್ನು ಮುಟ್ಟಿ, “ಇದೇನ್ ಸಾರ್, ಗ್ಯಾಸ್ ಕನೆಕ್ಷನ್ನಾ?” ಎಂದು ಕೇಳಿದ. ಅದಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ, ನಮ್ಮ ಡಾಕ್ಟರು ಎಸೆದ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಂಡು, ಓಡುವ ಇಂಜಿನ್ನಿನ ಒಳಸದ್ದು ಕೇಳುವ ನಿನ್ನ ವಿದ್ಯೆಯನ್ನು ವಿವರಿಸಿದೆ. ಅವನು ತನ್ನ ಹುಡುಗರನ್ನೆಲ್ಲ ಕರೆದು ತೋರಿಸಿದ. ನಿಮ್ಮ ಡೈನೋವನ್ನು ಕೊನೆಯ ಸಲ ಯಾವಾಗ ಅಳತೆ ಪರೀಕ್ಷಿಸಿ ಕ್ಯಾಲಿಬ್ರೇಟ್ ಮಾಡಿಸಿದಿರಿ ಎಂದು ಕೇಳಿದ್ದಕ್ಕೆ, ಅದು ಡೈನೋ ಸಾರ್, ತಕ್ಕಡಿ ಅಲ್ಲ ಎಂದು ನಕ್ಕ. ಕಿಡಿ, ಪೆಟ್ರೋಲು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆಯಲ್ಲಿರುವ ಹಳೆಯ ಅಂಕಿಗಳನ್ನೆಲ್ಲ ಅಳಿಸಿ ತನ್ನ ಮ್ಯಾಪ್ ತುಂಬಿದರೆ ನೂರಿಪ್ಪತ್ತು ಕುದುರೆ ಖಂಡಿತ ಎಂದ. ಕೆಟ್ಟ ಹುಡುಗನಲ್ಲ. ಆದರೆ ಕಾರು ಯಾವ ರಸ್ತೆಯಲ್ಲಿ ಓಡುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ.

ಎರಡನೆಯವರು ದೇವೇಂದ್ರಪ್ಪ ಎಂಬವರು. ದೊಡ್ಡ ಹೆಸರು, ನನಗಿಂತ ಹಿರಿಯರು, ನಿಧಾನವಾಗಿ ಮಾತಾಡುವವರು. ಕ್ಯಾಮ್, ಇಂಜೆಕ್ಟರ್, ಹೆಡ್ ಫೇಸಿಂಗ್ ಎಲ್ಲದರ ವಿವರ ಸರಿಯಾಗಿ ಕೇಳಿದರು. ನನಗೆ ವಿಶ್ವಾಸ ಬಂತು. ಅವರ ಷರತ್ತು ಎರಡು: ಹಳೆಯದನ್ನು ಓದುತ್ತ ಕೂರುವುದಿಲ್ಲ, ಅಳಿಸಿ ಹೊಸದಾಗಿ ಶುರುಮಾಡುತ್ತಾರೆ, ಮುಗಿದ ಮೇಲೆ ಪೆಟ್ಟಿಗೆಗೆ ಪಾಸ್‌ವರ್ಡ್ ಹಾಕುತ್ತಾರೆ, ಒಳಗಿನ ಅಂಕಿ ನನಗೂ ಕಾಣಿಸದು. ಮುಂಚೆ ಟ್ಯೂನ್ ಮಾಡಿದವರು ಯಾರು ಎಂದು ಕೇಳಿದರು. ಕಾರ್ಬುರೇಟರ್ ಕಾಲದ ಮೆಕ್ಯಾನಿಕ್, ಕಿವಿಯಲ್ಲಿ ಕೇಳಿ ಮಾಡಿದ್ದು ಎಂದೆ. ಆ ಕಾಲದವರ ಕಿವಿ ರೇಡಿಯೋ ಕೇಳುವುದಕ್ಕೆ ಸರಿ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಇದನ್ನು ಬರೆಯದೆ ಬಿಡಬಹುದಿತ್ತು, ಯಾರೂ ನೋಡಿರಲಿಲ್ಲ. ಆದರೆ ತಲೆಯಾಡಿಸಿದ್ದು ನಿಜ. ಈ ತಿಂಗಳ ಇಪ್ಪತ್ತೆರಡರ ಶನಿವಾರಕ್ಕೆ ದಿನವನ್ನೂ ಗೊತ್ತುಮಾಡಿಕೊಂಡು ಬಂದೆ.

ಅಷ್ಟರೊಳಗೆ ಹೊಗೆಕೊಳವೆಗೆ ಒಂದು ಸೆನ್ಸರ್ ಕೂರಿಸಿರಬೇಕು ಎಂದಿದ್ದರು. ಬಿಡಿಭಾಗದ ಅಂಗಡಿಯವರು, ಕೆಂಗೇರಿ ಉಪನಗರದಲ್ಲಿ ರಂಜಿನಿ ಎನ್ನುವವರಿದ್ದಾರೆ, ಆ ವೆಲ್ಡಿಂಗ್ ಅವರ ಹಾಗೆ ಯಾರೂ ಮಾಡುವುದಿಲ್ಲ ಎಂದು ಕಳುಹಿಸಿದರು. ಹೋದ ಶನಿವಾರ ಅಲ್ಲಿಗೆ ಹೋದೆ. ಹಿಟ್ಟಿನ ಗಿರಣಿಯ ಹಿಂದೆ ಒಂದು ಶೆಡ್ಡು. ಗಿರಣಿ ಅವಳ ತಂದೆಯದು. ಮೂವತ್ತೈದರ ಆಸುಪಾಸಿನ ಹೆಂಗಸು. ಇಂಜಿನ್ ತಯಾರಿಸುವ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿ ಹತ್ತು ವರ್ಷ ಕೆಲಸ ಮಾಡಿ ಬಂದವಳು. ಅವಳ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲೆಲ್ಲ ರಾಗಿಹಿಟ್ಟು. ಅವಳೂ ಟ್ಯೂನರ್ ಎಂಬುದು ನನಗೆ ಅಲ್ಲಿಗೆ ಹೋದ ಮೇಲೆಯೇ ಗೊತ್ತಾದದ್ದು.

ಬಾನೆಟ್ ಎತ್ತಿದಳು. ಹಳದಿ ಗೆರೆಗಳ ಮೇಲೆ ಬೆರಳಾಡಿಸಿದಳು. ತಾಮ್ರದ ಕೊಳವೆ ಕಂಡು ಒಂದು ಹೆಜ್ಜೆ ಹಿಂದೆ ಸರಿದು, “ಇದನ್ನ ಕಟ್ಟಿದ್ದು ಯಾರು ಸಾರ್?” ಎಂದಳು. ನಿನ್ನ ಹೆಸರು ಹೇಳಿದೆ. ಕಂಪನಿಯಲ್ಲಿ ಅವಳ ಹಿರಿಯರೊಬ್ಬರು ಲಕ್ಷಾಂತರ ಬೆಲೆಯ ಯಂತ್ರ ಪಕ್ಕದಲ್ಲಿದ್ದರೂ ಇಂಥದೇ ಒಂದು ಕೊಳವೆ ಹಾಕಿ ಕೇಳುತ್ತಿದ್ದರಂತೆ. ಯಂತ್ರಕ್ಕೆ ಎಲ್ಲ ಸದ್ದೂ ಒಂದೇ, ಮನುಷ್ಯನಿಗೆ ಹಾಗಲ್ಲ ಎನ್ನುತ್ತಿದ್ದರಂತೆ. ಗಿರಣಿಯ ಕಡೆ ಗಲ್ಲ ತೋರಿಸಿ, ತನ್ನ ತಂದೆ ಈಗಲೂ ಕಲ್ಲು ಸವೆದದ್ದನ್ನು ಕೋಣೆಯ ಹೊರಗಿನಿಂದಲೇ ಹೇಳುತ್ತಾರೆ ಎಂದಳು.

ವೆಲ್ಡಿಂಗ್ ಮುಗಿಸಿ, ಸೆನ್ಸರಿನ ತಂತಿಯನ್ನು ಪೆಟ್ಟಿಗೆಗೆ ಜೋಡಿಸಬೇಕಿತ್ತು. ನಾನು ನನ್ನ ಲ್ಯಾಪ್‌ಟಾಪ್ ತೆಗೆದುಕೊಟ್ಟು, ಒಳಗಿರುವುದು ಹೇಗೂ ಮುಂದಿನ ಶನಿವಾರ ಅಳಿಸಿಹೋಗುವಂಥದ್ದು, ಯೋಚನೆ ಬೇಡ ಎಂದೆ. ಅವಳು ಪ್ಲಗ್ ಹಿಡಿದ ಕೈ ಹಾಗೇ ನಿಂತಿತು. “ಮುಟ್ಟೋಕ್ ಮುಂಚೆ ಒಳಗೇನಿದೆ ಅಂತ ಬರ್ಕೋಬೇಕು ಸಾರ್,” ಎಂದಳು. “ಇಲ್ಲಾಂದ್ರೆ ನಾನು ಕೆಡಿಸಿದ್ ಯಾವ್ದು, ಬಂದಾಗ್ಲೇ ಕೆಟ್ಟಿದ್ ಯಾವ್ದು, ಯಾರಿಗ್ ಗೊತ್ತಾಗತ್ತೆ?”

ಸೀನ, ಇದು ನನ್ನ ಲ್ಯಾಬಿನ ಮೊದಲ ನಿಯಮ. ಯಾವ ಗೇಜು ಬಂದರೂ ಅದರ ಸ್ಕ್ರೂ ಮುಟ್ಟುವ ಮುನ್ನ ‘ಬಂದಾಗ ಇದ್ದ ಅಳತೆ’ ಎಂಬ ಕಾಲಂ ತುಂಬಬೇಕು. ಸರಿಪಡಿಸಿದ ಮೇಲೆ ‘ಕಳುಹಿಸುವಾಗ ಇದ್ದ ಅಳತೆ’ ಎಂಬ ಕಾಲಂ. ಮೊದಲ ಕಾಲಂ ಖಾಲಿ ಬಿಟ್ಟ ಸರ್ಟಿಫಿಕೇಟಿಗೆ ನಾನು ಸಹಿ ಹಾಕುವುದಿಲ್ಲ. ಇಬ್ಬರು ಟ್ಯೂನರುಗಳು ಅಳಿಸುತ್ತೇವೆ ಎಂದಾಗ ನನ್ನೊಳಗೆ ಏನೋ ಚುಚ್ಚಿದ್ದು ಯಾಕೆ ಎಂದು ಆಗ ಅರ್ಥವಾಯಿತು. ಅವಳ ಪಟ್ಟಿಯಲ್ಲಿ ಎಷ್ಟು ಕುದುರೆ ಎಂಬುದಿಲ್ಲ, ಗೋಡೆಯಲ್ಲಿ ಫೋಟೊ ಇಲ್ಲ. ಆದರೂ ಈ ಇಂಜಿನ್ನನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆ ನನ್ನ ಮಟ್ಟಿಗೆ ಆ ಒಂದು ಮಾತಿನಲ್ಲಿ ಮುಗಿಯಿತು. ದೇವೇಂದ್ರಪ್ಪನವರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಅವಳು ಕೇಬಲ್ ಹಾಕಿದಳು. ಪೆಟ್ಟಿಗೆಯಲ್ಲಿರುವುದಕ್ಕೂ ಲ್ಯಾಪ್‌ಟಾಪಿನಲ್ಲಿರುವುದಕ್ಕೂ ವ್ಯತ್ಯಾಸವಿದ್ದರೆ ಆ ತಂತ್ರಾಂಶ ತಾನಾಗಿಯೇ ತೋರಿಸುತ್ತದೆ. ಪರದೆಯ ಮೇಲೆ ಹದಿನಾರು ಮನೆಗಳು ಕೆಂಪಾದವು. ಎಲ್ಲವೂ ಕಿಡಿ ಯಾವಾಗ ಹೊತ್ತಬೇಕು ಎಂಬ ಟೈಮಿಂಗಿನ ಪಟ್ಟಿಯವು, ಎಲ್ಲವೂ ಏರು ಹತ್ತುವಾಗಿನ ಭಾರದ ಸಾಲಿನವು. ಹದಿನಾರರಲ್ಲೂ ಪೆಟ್ಟಿಗೆಯ ಅಂಕಿ ಲ್ಯಾಪ್‌ಟಾಪಿನ ಅಂಕಿಗಿಂತ ಸರಿಯಾಗಿ ಮೂರು ಡಿಗ್ರಿ ಮುಂದಿತ್ತು. ಅವಳು ತಾನೇ ಒಂದು ಹಾಳೆಯಲ್ಲಿ ಏನೋ ಲೆಕ್ಕ ಹಾಕಿದಳು, ಹೆಡ್ ಎಷ್ಟು ಫೇಸಿಂಗ್ ಆಗಿದೆ, ಎಷ್ಟು ಉಜ್ಜಿ ತೆಗೆದಿದ್ದಾರೆ ಎಂದು ಕೇಳಿದಳು. ಒಂದು ಮಿಲಿಮೀಟರ್ ಎಂದೆ. ಆಮೇಲೆ ಪೆನ್ನಿನ ತುದಿಯಿಂದ ಪರದೆ ತೋರಿಸಿ ಹೇಳಿದಳು: “ಲ್ಯಾಪ್‌ಟಾಪಲ್ಲಿರೋರು ಹುಷಾರಿ ಸಾರ್. ಇಂಜಿನ್ ಗೊತ್ತಿರೋರು. ಪೆಟ್ಟಿಗೇಲಿರೋರು ಪುಸ್ತಕ ನೋಡ್ಕೊಂಡ್ ಹಾಕಿರೋರು. ಈ ಮೂರು ಡಿಗ್ರಿ ಯಾರದು?”

ನನ್ನದು ಎಂದೆ.

ನಡೆದದ್ದು ಹೀಗೆ. ಏಪ್ರಿಲ್ ಹದಿಮೂರರ ಭಾನುವಾರ, ನೀನು ಸ್ಟೆತಾಸ್ಕೋಪ್ ಹಾಕಿಕೊಂಡು ಕಣ್ಣು ಮುಚ್ಚಿ ಪಕ್ಕದಲ್ಲಿ ಕೂತಿದ್ದೆ. ನಿನ್ನ ತಮ್ಮ ಗಾಡಿ ಓಡಿಸುತ್ತಿದ್ದ. ಹಿಂದೆ ನಾನು, ಮೊಣಕಾಲ ಮೇಲೆ ಲ್ಯಾಪ್‌ಟಾಪ್. ಒಂದು ಚೂರು ಹಿಂದೆ, ಇನ್ನೊಂದು ಚೂರು, ಸಾಕು ಎಂದು ನೀನು ಹೇಳುತ್ತಿದ್ದೆ, ನಾನು ಬರೆಯುತ್ತಿದ್ದೆ. ಕಾರ್ಬುರೇಟರಿನಂತೆ ತಿರುಗಿಸಲು ಸ್ಕ್ರೂ ಇಲ್ಲದ ಇಂಜಿನ್ನಿಗೆ ನಾನ್ಯಾಕೆ ಎಂದು ಎರಡು ವರ್ಷ ಗೊಣಗಿದವನು, ಆ ದಿನ ಇಳಿದು ಟೀ ಕುಡಿಯುವಾಗ, ಸ್ಕ್ರೂ ಇದೆ ಕಾಂತ, ನಿನ್ನ ಬೆರಳಿನಲ್ಲಿದೆ ಎಂದೆ. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಸಿಕ್ಕಿಲ್ಲ. ಎರಡು ದಿನ ಬಿಟ್ಟು ಮಂಗಳವಾರ, ಇದೇ ಇಂಜಿನ್ನಿನ ಟೈಮಿಂಗ್ ಪಟ್ಟಿಯೊಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅದಕ್ಕೆ ಹೋಲಿಸಿದರೆ ಏರಿನ ಸಾಲಿನಲ್ಲಿ ನೀನು ಮೂರು ಡಿಗ್ರಿ ಹಿಂದಿಟ್ಟಿದ್ದೆ. ಸೀನ ಹಳಬ, ಹೆದರಿ ಕಡಿಮೆ ಇಟ್ಟಿದ್ದಾನೆ ಎಂದುಕೊಂಡೆ. ಆ ಹದಿನಾರು ಮನೆಗಳಿಗೆ ಮೂರು ಮೂರು ಸೇರಿಸಿ ಪೆಟ್ಟಿಗೆಗೆ ತುಂಬಿದೆ. ಆ ಪಟ್ಟಿ ಕಾರ್ಖಾನೆಯಿಂದ ಹೊರಬಂದಂತಿರುವ ಇಂಜಿನ್ನಿನದು. ನೀನು ಹೆಡ್ಡನ್ನು ಫೇಸಿಂಗ್ ಮಾಡಿಸಿ ಒತ್ತಡ ಏರಿಸಿದ್ದೆ. ಒತ್ತಡ ಏರಿದರೆ ಕಿಡಿ ಹಿಂದೆ ಸರಿಯಬೇಕು. ಇದನ್ನು ನನಗೆ ಕಲಿಸಿದವನು ನೀನು. ಆ ಒಂದು ಮಿಲಿಮೀಟರನ್ನು ನನ್ನದೇ ಗೇಜಿನಲ್ಲಿ ಅಳೆದು ನಿನ್ನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದವನು ನಾನು.

ಗುರುವಾರ ಸಂಜೆ ಮನಸ್ಸು ಚುಚ್ಚಿತು. ಬೇರೆಯವರ ಕೆಲಸವನ್ನು ಅವರಿಗೆ ಹೇಳದೆ ತಿದ್ದಿದ ಸಹಾಯಕನಿಗೆ ಲ್ಯಾಬಿನಲ್ಲಿ ನಾನೇ ನೋಟಿಸ್ ಕೊಟ್ಟಿದ್ದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹದಿನಾರು ಮನೆಗಳಲ್ಲೂ ನಿನ್ನ ಅಂಕಿಯನ್ನೇ ಮತ್ತೆ ಬರೆದು ಉಳಿಸಿದೆ. ಹಗುರವಾಯಿತು. ಆದರೆ ಪೆಟ್ಟಿಗೆ ಇದ್ದದ್ದು ಕೆಳಗೆ, ಕಾರಿನಲ್ಲಿ. ಕೇಬಲ್ ಹಾಕಿ, ಒಂದು ಕೀಲಿ ಒತ್ತಿ, ಬರೆದದ್ದನ್ನು ಅದಕ್ಕೆ ತಲುಪಿಸಬೇಕಿತ್ತು. ಅದನ್ನು ಮಾಡಲಿಲ್ಲ. ಮಾಡಿದ್ದೇನೆ ಎಂದೇ ಏಳು ತಿಂಗಳು ನಂಬಿದ್ದೆ. ಭಾನುವಾರ ಏರಿನಲ್ಲಿ ಓಡಿದ್ದು ನಿನ್ನ ಟ್ಯೂನಿಂಗ್ ಅಲ್ಲ, ನನ್ನದು. ಇಂಜಿನ್ ಒಡೆದ ಮೇಲೆ ನಾನು ಪೆಟ್ಟಿಗೆಯನ್ನು ಓದಲಿಲ್ಲ; ಲ್ಯಾಪ್‌ಟಾಪನ್ನು ಓದಿ ನಿನ್ನ ಮೇಲೆ ತಪ್ಪು ಹೊರಿಸಿದೆ. ಜೀವನ್‌ಗೋ ದೇವೇಂದ್ರಪ್ಪನವರಿಗೋ ಕೊಟ್ಟಿದ್ದರೆ ಆ ಮೂರು ಡಿಗ್ರಿ ಮೊದಲ ಐದು ನಿಮಿಷದಲ್ಲೇ ಅಳಿಸಿಹೋಗುತ್ತಿತ್ತು. ನೀನು ನಿನ್ನ ಕಿವಿಯನ್ನು, ನಾನು ನಿನ್ನ ಕಿವಿಯನ್ನು ಸಾಯುವವರೆಗೆ ದೂರುತ್ತ ಇರುತ್ತಿದ್ದೆವು.

ಹಾಗಾದರೆ ಏರಿನಲ್ಲಿ ನಿನಗೆ ಆ ಸದ್ದು ಯಾಕೆ ಕೇಳಿಸಲಿಲ್ಲ ಎಂದು ನೀನು ಕೇಳುತ್ತೀಯ. ನಾನೂ ರಂಜಿನಿಯನ್ನು ಕೇಳಿದೆ. ಅಂದು ಕೊಳವೆ ಹಾಕಿಕೊಂಡಿದ್ದರೇ ಎಂದಳು. ಇಲ್ಲ, ಸುಮ್ಮನೆ ತಿರುಗಾಡಲು ಹೊರಟಿದ್ದೆವು. ಕಿಟಕಿ ತೆರೆದಿತ್ತೇ? ತೆರೆದಿತ್ತು. ಹಾಗಿದ್ದರೆ ತನಗೂ ಕೇಳಿಸುತ್ತಿರಲಿಲ್ಲ ಎಂದಳು. ಅವಳು ನನ್ನ ಮನಸ್ಸಿನ ಸಮಾಧಾನಕ್ಕೆ ಹೇಳಿರಬಹುದು. ನಿನ್ನ ಕಿವಿ ಮೊದಲಿನಷ್ಟು ಚುರುಕಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತು; ಅದನ್ನು ಮುಚ್ಚಿಡಲು ಇನ್ನೊಂದು ಪೆಟ್ರೋಲಿನ ಕಥೆ ಕಟ್ಟುವುದಿಲ್ಲ. ಆದರೆ ಇಷ್ಟನ್ನು ಅಳತೆಯಾಗಿ ಹೇಳಬಲ್ಲೆ: ಸ್ಟೆತಾಸ್ಕೋಪ್ ಹಾಕಿ ನೀನು ಇಟ್ಟ ಪ್ರತಿ ಅಂಕಿಯನ್ನೂ ರಂಜಿನಿ ತನ್ನ ಲೆಕ್ಕದ ಜೊತೆ ಹೋಲಿಸಿದಳು. ಒಂದು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಎಲ್ಲಿಯೂ ಇಲ್ಲ. ಎರಡೂ ಪಟ್ಟಿಗಳ ಪ್ರತಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಪೆಟ್ಟಿಗೆಯದರ ಮೇಲೆ ‘ಬಂದಾಗ ಇದ್ದ ಅಳತೆ’ ಎಂದು ಬರೆದು ನನ್ನ ಸಹಿ ಹಾಕಿದ್ದೇನೆ. ನಿನ್ನದರ ಮೇಲೆ ನೀನು ಸಹಿ ಹಾಕಬೇಕು.

ಈಗ ಕೆಲಸದ ಮಾತು. ನವೆಂಬರ್ ಮೂವತ್ತರ ಭಾನುವಾರ ಬೆಳಗ್ಗೆ ಟ್ಯೂನಿಂಗ್ ಎಂದು ರಂಜಿನಿಯ ಬಳಿ ಗೊತ್ತುಮಾಡಿದ್ದೇನೆ. ಅವಳ ಷರತ್ತು ಒಂದೇ. “ಅಂಕಿ ನಾನ್ ನೋಡ್ಕೋತೀನಿ ಸಾರ್. ಆದ್ರೆ ಈ ಇಂಜಿನ್ ಸದ್ದು ನಂಗ್ ಪರಿಚಯ ಇಲ್ಲ, ಅವರಿಗಿದೆ. ಅವರನ್ನ ಕರ್ಕೊಂಡ್ ಬನ್ನಿ,” ಎಂದಳು. ಅವಳ ಹತ್ತಿರ ಅದೇ ಕೆಲಸಕ್ಕೆ ಮೈಕಿನ ಹೆಡ್‌ಫೋನ್ ಇದೆ. ಸದ್ದನ್ನು ಬೇಕಾದಷ್ಟು ಹೆಚ್ಚಿಸಿಕೊಳ್ಳಬಹುದು. ಅದು ನಿನಗೆ ಒಗ್ಗದಿದ್ದರೆ ಎಂದು ತಾಮ್ರದ ಕೊಳವೆಯನ್ನು ಬಿಚ್ಚಬೇಡಿ ಎಂದಿದ್ದಾಳೆ. ಇಂಜಿನ್ ಎರಡನೆಯ ಸಲ ಕಟ್ಟುವಾಗ, ಇನ್ನು ಕೇಳುವವನೇ ಅಲ್ಲ ಎಂದುಕೊಂಡಿದ್ದ ನೀನು, ಆ ಕೊಳವೆಯನ್ನು ಮತ್ತೆ ಅದೇ ಜಾಗದಲ್ಲಿ ಬಿಗಿದು ಹಳದಿ ಗೆರೆ ಯಾಕೆ ಎಳೆದೆ? ನನಗೆ ಉತ್ತರ ಬೇಡ. ಸ್ಟೆತಾಸ್ಕೋಪ್ ಮಾತ್ರ ಅಟ್ಟದಿಂದ ಇಳಿಸಿ ತಾ. ಸ್ಪ್ಯಾನರ್ ಡಬ್ಬಿಯನ್ನೂ ಇಳಿಸು. ಅದು ಅಟ್ಟದ ಮೇಲಿರಬೇಕಾದ ವಸ್ತುವಲ್ಲ.

ಎಂಟು ಗಂಟೆಗೆ ಬರುತ್ತೇನೆ. ಬೀದಿಯಲ್ಲಿ ನಿಂತು ಹಾರ್ನ್ ಹೊಡೆಯುವುದಿಲ್ಲ. ಒಳಗೆ ಬಂದು ನಿನ್ನೆದುರು ನಿಲ್ಲುತ್ತೇನೆ. ನೀನು ಬೈಯುವುದಿದ್ದರೆ ಅತ್ತಿಗೆಯ ಮುಂದೆಯೇ ಬೈಯಿ, ಅವರಿಗೂ ಗೊತ್ತಾಗಬೇಕು. ಬರುವುದಿಲ್ಲ ಎಂದರೆ ಟ್ಯೂನಿಂಗ್ ಇಲ್ಲ. ಇನ್ನೂ ಎಷ್ಟು ವರ್ಷ ಬೇಕಾದರೂ ಎರಡೂವರೆ ಸಾವಿರದಲ್ಲೇ ಓಡಿಸುತ್ತೇನೆ. ನನಗೆ ತೊಂದರೆಯಿಲ್ಲ, ಮಾಗಡಿ ರಸ್ತೆಯಲ್ಲಿ ಹೇಗೂ ಅದಕ್ಕಿಂತ ಹೆಚ್ಚು ಸಾಗುವುದಿಲ್ಲ.

ನೀನು ನನಗೆ ಕೊಟ್ಟ ಸ್ಟೂಲಿನ ಬಗ್ಗೆ ಹನ್ನೆರಡು ವರ್ಷ ಒಂದು ಮಾತೂ ಆಡದೆ ಇದ್ದೆ. ಅದು ನಿನ್ನಿಂದ ಕಲಿತ ಮರ್ಯಾದೆ ಎಂದುಕೊಂಡಿದ್ದೆ. ನೀನು ನನ್ನ ಮಾನ ಕಾಯುವಾಗ ನನ್ನ ಕೈಗೆ ಟಾರ್ಕ್ ರೆಂಚು ಕೊಟ್ಟೆ. ನಾನು ನಿನ್ನ ಮಾನ ಕಾಯಲು ಹೋಗಿ ನಿನ್ನ ಕೈಯಲ್ಲಿದ್ದ ರೆಂಚನ್ನೇ ಬಿಡಿಸಿದೆ. ಈ ವ್ಯತ್ಯಾಸ ಐವತ್ತೆರಡನೆಯ ವಯಸ್ಸಿನಲ್ಲಾದರೂ ನನಗೆ ತಿಳಿದದ್ದಕ್ಕೆ, ತಿಳಿಯುವಂತೆ ಆ ಇಂಜಿನ್ನನ್ನು ಎರಡು ಸಲ ಕಟ್ಟಿಕೊಟ್ಟದ್ದಕ್ಕೆ, ನಾನು ನಿನಗೆ ಕೃತಜ್ಞ.

ನಿನ್ನ ಗ್ಯಾರೇಜಿನ ಹಳೆಯ ‘ಇಂಜಿನಿಯರ್’,
ಕಾಂತರಾಜು

ಮರೆತ ಮಾತು: ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಮೂರು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಈಚೆಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದಿದ್ದಾಗ ನೀನು ಎಲ್ಲಕ್ಕೂ ‘ಹೂಂ’ ಎನ್ನುತ್ತೀಯ. ಆ ‘ಹೂಂ’ ಅನ್ನು ಕ್ಷಮೆ ಎಂದು ತೆಗೆದುಕೊಂಡು ನಾನು ನೆಮ್ಮದಿಯಾಗಿಬಿಡುತ್ತಿದ್ದೆ. ಆದ್ದರಿಂದ ಕಾಗದ.